ಸೋತ ಸ್ನಾಯುವಿಗೆ ಯಾವ ಮಸಾಜ್? ತಟ್ಟುವುದೋ, ನಾದುವುದೋ, ಎಣ್ಣೆ ತಿಕ್ಕುವುದೋ

ಮೆಟ್ಟಿಲು ಇಳಿಯುವಾಗ ಮಂಡಿ ಕೈಕೊಡುತ್ತದೆ, ಪ್ಲಾಸ್ಟರ್ ಬಿಚ್ಚಿದ ಮೇಲೆ ತೊಡೆ ಸೊರಗಿದೆ, ಕೈ ಮೇಲೆತ್ತಿದರೆ ಭುಜ ನಿಲ್ಲುವುದಿಲ್ಲ. ಇಂಥ ದೂರು ಹೊತ್ತು ಬರುವವರು ಕೋಲಾರದ ಕಡೆ ಬಹುತೇಕ ಒಂದೇ ಪ್ರಶ್ನೆ ಕೇಳುತ್ತಾರೆ: "ಯಾವ ಎಣ್ಣೆ ಹಾಕಿ ತಿಕ್ಕಿಸಬೇಕು?" ಫಿಸಿಯೋಥೆರಪಿ ಮಾಡುವವನಾಗಿ ನಾನು ಈ ಪ್ರಶ್ನೆಯನ್ನು ತಳ್ಳಿಹಾಕುವುದಿಲ್ಲ. ತಿಕ್ಕಿಸಿಕೊಂಡರೆ ಹಿತವಾಗುತ್ತದೆ, ನೋವು ಇಳಿಯುತ್ತದೆ, ರಾತ್ರಿ ನಿದ್ದೆ ಬರುತ್ತದೆ. ಆದರೆ ಸೋತ ಸ್ನಾಯುವಿಗೆ ಮತ್ತೆ ಕೆಲಸ ಕಲಿಸಬೇಕಾದರೆ ಎಣ್ಣೆಗಿಂತ ಕೈಯ ವೇಗ, ಒತ್ತಡ ಮತ್ತು ಹೊತ್ತು ಮುಖ್ಯ. ಅದಕ್ಕಿಂತಲೂ ಮುಖ್ಯವಾದದ್ದು, ಕೈ ತೆಗೆದ ಮೇಲಿನ ಹತ್ತು ನಿಮಿಷದಲ್ಲಿ ಆ ಸ್ನಾಯು ಏನು ಮಾಡುತ್ತದೆ ಎಂಬುದು.

ಮಸಾಜ್ ಒಂದರಿಂದಲೇ ಯಾವ ಸ್ನಾಯುವೂ ಬಲಿಯುವುದಿಲ್ಲ. ಮಸಾಜ್ ಆದ ಕೂಡಲೇ ಆ ಸ್ನಾಯುವಿನಿಂದಲೇ ಕೆಲಸ ಮಾಡಿಸಿದರೆ ಮಾತ್ರ ಕೊಟ್ಟ ಹಣ, ಕಳೆದ ಸಮಯ ಎರಡೂ ದಕ್ಕುತ್ತವೆ. ಕೆಳಗಿನ ಹೋಲಿಕೆಯನ್ನೆಲ್ಲ ಈ ಒಂದು ಅಳತೆಯಿಂದಲೇ ಮಾಡಿದ್ದೇನೆ: ಯಾವ ವಿಧಾನ ಸ್ನಾಯುವನ್ನು ಕೆಲಸಕ್ಕೆ ಸಜ್ಜುಗೊಳಿಸುತ್ತದೆ, ಯಾವುದು ಬರೀ ವಿಶ್ರಾಂತಿ ಕೊಡುತ್ತದೆ, ಯಾವುದು ಹಾನಿ ಮಾಡುತ್ತದೆ.

ಸ್ನಾಯು ಸೋತದ್ದು ಏಕೆ

ಕಾರಣ ಗೊತ್ತಿಲ್ಲದೆ ವಿಧಾನ ಆರಿಸಲು ಹೋದರೆ ಕತ್ತಲಲ್ಲಿ ತಡಕಾಡಿದಂತೆಯೇ. ನಾನು ದಿನನಿತ್ಯ ಕಾಣುವ ಕಾರಣಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು ಊದಿದ ಕೀಲು. ಮಂಡಿಯೊಳಗೆ 20ರಿಂದ 30 ಮಿಲಿಲೀಟರ್ ದ್ರವ ಹೆಚ್ಚಾದರೂ ಸಾಕು, ಮಂಡಿಚಿಪ್ಪಿನ ಮೇಲೆ, ತೊಡೆಯ ಒಳಬದಿಯಲ್ಲಿರುವ ಸ್ನಾಯುವಿಗೆ ಬೆನ್ನುಹುರಿಯಿಂದ ಹೋಗುವ ಆಜ್ಞೆ ಕುಗ್ಗುತ್ತದೆ. 50–60 ಮಿಲಿಲೀಟರ್ ಆಯಿತೆಂದರೆ ತೊಡೆಯ ಮುಂಭಾಗದ ಉಳಿದ ಸ್ನಾಯುಗಳೂ ಹಿಂದೆ ಸರಿಯುತ್ತವೆ. ಇಲ್ಲಿ ಸ್ನಾಯು ಕೆಟ್ಟಿರುವುದಿಲ್ಲ, ನರ ಕತ್ತರಿಸಿರುವುದಿಲ್ಲ. ನೊಂದ ಕೀಲನ್ನು ಕಾಪಾಡಿಕೊಳ್ಳಲು ದೇಹವೇ ಹಾಕಿದ ತಡೆ ಇದು. ರೋಗಿ ಎಷ್ಟೇ ಮನಸ್ಸು ಮಾಡಿದರೂ ಆ ತಡೆ ಪೂರ್ತಿ ಸರಿಯುವುದಿಲ್ಲ. ಮಂಡಿ ಬದಲಿ ಶಸ್ತ್ರಚಿಕಿತ್ಸೆಯಾದ ಮೊದಲ ತಿಂಗಳಲ್ಲಿ ತೊಡೆಯ ಮುಂಭಾಗದ ಬಲ ಅರ್ಧಕ್ಕಿಂತ ಕೆಳಗೆ ಇಳಿಯುವುದು ಸಾಮಾನ್ಯ, ಅದಕ್ಕೂ ಈ ತಡೆಯೇ ದೊಡ್ಡ ಕಾರಣ. "ಸೋಮಾರಿತನ ಮಾಡುತ್ತಾರೆ, ಕಾಲು ಎತ್ತುವುದೇ ಇಲ್ಲ" ಎಂದು ಮನೆಯವರು ಅಪ್ಪನನ್ನೋ ಅತ್ತೆಯನ್ನೋ ಗದರುವಾಗ ನನಗೆ ಸಂಕಟವಾಗುತ್ತದೆ. ಅವರು ಎತ್ತಲು ಹೋಗುತ್ತಿದ್ದಾರೆ, ಆಜ್ಞೆ ತಲುಪುತ್ತಿಲ್ಲ.

ಎರಡನೆಯದು ಬಳಕೆ ತಪ್ಪಿದ ಸ್ನಾಯು. ಶ್ರೀನಿವಾಸಪುರದ ಕಡೆ ಮಾವಿನ ಕೊಯ್ಲಿನ ಕಾಲದಲ್ಲಿ ಮರದಿಂದ ಬಿದ್ದು ಕಾಲು ಮುರಿದುಕೊಂಡವರು, ಆಸ್ಪತ್ರೆಯ ಪ್ಲಾಸ್ಟರ್ ಇರಲಿ ಆಂಧ್ರದ ಪುತ್ತೂರಿಗೆ ಹೋಗಿ ಹಾಕಿಸಿಕೊಂಡ ಕಟ್ಟು ಇರಲಿ, ಬಿಚ್ಚಿದಾಗ ನೋಡುವುದು ಒಂದೇ ದೃಶ್ಯ: ಒಂದು ತೊಡೆ ಇನ್ನೊಂದಕ್ಕಿಂತ ಕಣ್ಣಿಗೆ ಕಾಣುವಷ್ಟು ತೆಳ್ಳಗಿರುತ್ತದೆ. ಇಲ್ಲಿ ಆಜ್ಞೆಯ ಕೊರತೆಯ ಜೊತೆಗೆ ಮಾಂಸಖಂಡವೇ ಕರಗಿರುತ್ತದೆ.

ಮೂರನೆಯದು ಭಂಗಿಯ ದೋಷ. ಬಂಗಾರಪೇಟೆಯಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗಿ, ಕಚೇರಿಯಲ್ಲಿ ಕುಳಿತು, ಮತ್ತೆ ರೈಲಿನಲ್ಲಿ ಕುಳಿತು ಬರುವವರಲ್ಲಿ ಸೊಂಟದ ಮುಂಭಾಗ ಬಿಗಿದುಕೊಂಡು ಪಿರ್ರೆಯ ಸ್ನಾಯು ಸಡಿಲವಾಗಿರುತ್ತದೆ. ಒಂದು ಸ್ನಾಯು ಬಿಗಿದಾಗ ಅದರ ಎದುರಿನದು ತಾನಾಗಿ ಸಡಿಲಗೊಳ್ಳುತ್ತದೆ ಎಂಬುದನ್ನು ಚಾರ್ಲ್ಸ್ ಶೆರಿಂಗ್ಟನ್ ತೋರಿಸಿಕೊಟ್ಟರು. ನರವ್ಯೂಹದ ಮೇಲಿನ ಸಂಶೋಧನೆಗಾಗಿ ಅವರಿಗೆ 1932ರ ನೊಬೆಲ್ ಬಂತು. ಜೆಕ್ ನರತಜ್ಞ ವ್ಲಾಡಿಮಿರ್ ಯಾಂಡಾ ಯಾವ ಯಾವ ಸ್ನಾಯುಗಳು ಬಿಗಿಯುತ್ತವೆ, ಯಾವುವು ಸೋಲುತ್ತವೆ ಎಂಬುದರ ನಕ್ಷೆಯನ್ನೇ ಮಾಡಿಕೊಟ್ಟರು. ಆ ನಕ್ಷೆ ನನಗೆ ಪ್ರತಿದಿನ ಉಪಯೋಗಕ್ಕೆ ಬರುತ್ತದೆ. ಆದರೆ ಮೊಬೈಲ್ ವಿಡಿಯೋಗಳಲ್ಲಿ "ನಿಮ್ಮ ಪಿರ್ರೆಯ ಸ್ನಾಯು ಮಲಗಿಬಿಟ್ಟಿದೆ" ಎಂದು ಹೆದರಿಸುವುದನ್ನು ನಾನು ಒಪ್ಪುವುದಿಲ್ಲ. ನಡೆದಾಡುವ ಮನುಷ್ಯನ ಪಿರ್ರೆಯ ಸ್ನಾಯು ಪೂರ್ತಿ ಮಲಗಿರುವುದಿಲ್ಲ. ಅದಕ್ಕೆ ಬಲ ಕಡಿಮೆ ಇರುತ್ತದೆ, ತಾಳಿಕೆ ಕಡಿಮೆ ಇರುತ್ತದೆ, ಅಷ್ಟೇ.

ನಾಲ್ಕನೆಯದು ನರದ ಅಥವಾ ಮಿದುಳಿನ ತೊಂದರೆ. ಪಾದ ಮೇಲಕ್ಕೆ ಏಳದೆ ಚಪ್ಪಲಿ ಜಾರಿಹೋಗುವುದು, ತೊಡೆಸಂದಿಯ ಸುತ್ತ ಸ್ಪರ್ಶ ತಿಳಿಯದಿರುವುದು, ಮೂತ್ರ ಮಲದ ಹಿಡಿತ ತಪ್ಪುವುದು, ಕೆಲವೇ ದಿನಗಳಲ್ಲಿ ಎರಡೂ ಕಾಲುಗಳಿಂದ ಶುರುವಾಗಿ ಮೇಲಕ್ಕೆ ಏರುವ ನಿಶ್ಶಕ್ತಿ, ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾಗಿ ಒಂದು ಕೈ ಬೀಳುವುದು: ಇವು ಮಸಾಜ್‌ನ ವಿಷಯವೇ ಅಲ್ಲ. ಲಕ್ವ ಹೊಡೆದಾಗ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗಿನ ಅವಕಾಶವಿದೆ. ಆ ಹೊತ್ತನ್ನು ಎಣ್ಣೆ ಕಾಯಿಸಿ ತಿಕ್ಕುವುದರಲ್ಲಿ ಕಳೆಯಬೇಡಿ, 108ಕ್ಕೆ ಕರೆ ಮಾಡಿ.

ನಮ್ಮ ಸೀಮೆಗೇ ಸೇರಿದ ಇನ್ನೊಂದು ಮಾತು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡದ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ವರ್ಷಾನುಗಟ್ಟಲೆ ಅಂಥ ನೀರು ಕುಡಿದವರಿಗೆ ಬೆನ್ನು, ಕತ್ತು, ಸೊಂಟ ಬಿಗಿದು ಬಗ್ಗಲಾಗುವುದಿಲ್ಲ, ಕೈಕಾಲು ಸೋತಂತೆ ಆಗುತ್ತದೆ. ಅಲ್ಲಿ ಮೂಳೆ ಮತ್ತು ಅಸ್ಥಿಬಂಧಗಳೇ ಗಟ್ಟಿಯಾಗಿರುತ್ತವೆ. ಗಟ್ಟಿ ಒತ್ತಡದ ಮಸಾಜ್ ಅವರಿಗೆ ನೋವನ್ನಷ್ಟೇ ಕೊಡುತ್ತದೆ. ಮೊದಲು ನೀರಿನ ಪರೀಕ್ಷೆ, ವೈದ್ಯರ ಪರೀಕ್ಷೆ ಆಗಬೇಕು.

ಮನೆಯಲ್ಲೇ ನೋಡಿಕೊಳ್ಳುವ ಬಗೆ

ಮಂಚದ ಮೇಲೆ ಕಾಲು ಚಾಚಿ ಕುಳಿತು ಮಂಡಿಯ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಡಿ. ಟವೆಲ್ ಅನ್ನು ಮಂಡಿಯಿಂದ ಕೆಳಕ್ಕೆ ಒತ್ತಿ. ಮಂಡಿಚಿಪ್ಪಿನ ಒಳಬದಿಯ ಮೇಲೆ ಎರಡು ಬೆರಳು ಇಟ್ಟರೆ ಅಲ್ಲಿ ಗಡ್ಡೆಯಂತೆ ಸ್ನಾಯು ಉಬ್ಬಬೇಕು. ಒಂದು ಕಾಲಿನಲ್ಲಿ ಉಬ್ಬಿ ಇನ್ನೊಂದರಲ್ಲಿ ಮೆತ್ತಗಿದ್ದರೆ ಉತ್ತರ ಸಿಕ್ಕಿತು. ಕಾಲನ್ನು ನೇರವಾಗಿ ಮೇಲೆತ್ತುವಾಗ ಮಂಡಿ ತುಸು ಮಡಿಸಿಕೊಂಡೇ ಏಳುತ್ತಿದ್ದರೂ ಅದೇ ಅರ್ಥ.

ಪಿರ್ರೆಯ ಪಕ್ಕದ ಸ್ನಾಯುವಿಗೆ ಕನ್ನಡಿಯ ಮುಂದೆ ಒಂಟಿ ಕಾಲಿನಲ್ಲಿ ನಿಲ್ಲಿ. ಎತ್ತಿದ ಕಾಲಿನ ಕಡೆಯ ಸೊಂಟ ಕೆಳಗೆ ಜಾರಿದರೆ, ನಿಂತ ಕಾಲಿನ ಕಡೆಯ ಸ್ನಾಯು ಸೋತಿದೆ ಎಂದು ತಿಳಿಯಿರಿ. ಭುಜಕ್ಕೆ ಗೋಡೆಗೆ ಕೈಯೂರಿ ದಂಡ ಹೊಡೆದಂತೆ ಮಾಡಿ, ಹೆಗಲೆಲುಬಿನ ಅಂಚು ಬೆನ್ನಿನಿಂದ ಎದ್ದು ನಿಲ್ಲುತ್ತದೆಯೇ ಎಂದು ಯಾರಾದರೂ ಹಿಂದಿನಿಂದ ನೋಡಲಿ. ಈ ಪರೀಕ್ಷೆಗಳನ್ನು ಮಸಾಜ್‌ಗೆ ಮೊದಲು ಮತ್ತು ನಂತರ ಎರಡೂ ಸಲ ಮಾಡಬೇಕು. "ಹಗುರವಾಯಿತು" ಎಂಬ ಅನುಭವವನ್ನು ಮಾತ್ರ ನಂಬಿದರೆ ಮೋಸ ಹೋಗುತ್ತೀರಿ. ಹಗುರವಾದ ಸ್ನಾಯು ಬಲವಾದ ಸ್ನಾಯುವಾಗಿರಬೇಕೆಂದಿಲ್ಲ.

ತಟ್ಟುವುದು ಮತ್ತು ನಾದುವುದು: ದೊಡ್ಡ ವ್ಯತ್ಯಾಸ ಇಲ್ಲಿದೆ

ಸ್ನಾಯುವಿನೊಳಗೆ ಅದರ ಉದ್ದವನ್ನು ಅಳೆಯುವ ಸೂಕ್ಷ್ಮ ಗ್ರಾಹಕಗಳಿವೆ. ಸ್ನಾಯು ಸರಕ್ಕನೆ ಹಿಗ್ಗಿದರೆ ಅವು ಬೆನ್ನುಹುರಿಗೆ ಸುದ್ದಿ ಮುಟ್ಟಿಸುತ್ತವೆ, ಬೆನ್ನುಹುರಿ ಆ ಸ್ನಾಯುವಿಗೆ ಕುಗ್ಗಲು ಹೇಳುತ್ತದೆ. ವೈದ್ಯರು ಮಂಡಿಚಿಪ್ಪಿನ ಕೆಳಗೆ ಪುಟ್ಟ ಸುತ್ತಿಗೆಯಿಂದ ಬಡಿದಾಗ ಕಾಲು ಚಿಮ್ಮುವುದು ಹೀಗೆಯೇ. ಬೆರಳ ತುದಿಯಿಂದ ಸ್ನಾಯುವಿನ ಹೊಟ್ಟೆಯ ಮೇಲೆ ಚುರುಕಾಗಿ ತಟ್ಟುವುದು ಇದನ್ನೇ ಸಣ್ಣ ಪ್ರಮಾಣದಲ್ಲಿ ಬಳಸಿಕೊಳ್ಳುತ್ತದೆ. ಅಮೆರಿಕದ ಚಿಕಿತ್ಸಕಿ ಮಾರ್ಗರೆಟ್ ರೂಡ್ 1950ರ ದಶಕದಲ್ಲಿ ತಟ್ಟುವುದು, ಬ್ರಷ್‌ನಿಂದ ಸವರುವುದು, ಮಂಜುಗಡ್ಡೆ ಆಡಿಸುವುದು, ಸ್ನಾಯುವನ್ನು ಸರಕ್ಕನೆ ಹಿಗ್ಗಿಸುವುದು ಇವನ್ನೆಲ್ಲ ಒಂದು ಪದ್ಧತಿಯಾಗಿ ಕಟ್ಟಿದರು. ಇಂದಿಗೂ ಫಿಸಿಯೋಥೆರಪಿ ವಿದ್ಯಾರ್ಥಿಗಳು ಅದನ್ನು ಓದುತ್ತಾರೆ.

ನಾದುವುದು ಇದಕ್ಕೆ ತೀರಾ ಎದುರು. ಚಪಾತಿ ಹಿಟ್ಟು ನಾದುವಂತೆ ಸ್ನಾಯುವನ್ನು ಎತ್ತಿ, ಹಿಂಡಿ, ಬಿಡುವ ನಿಧಾನದ ವಿಧಾನ ನರಗಳ ಉದ್ರೇಕವನ್ನು ಇಳಿಸುತ್ತದೆ. ಮೀನಖಂಡವನ್ನು ನಾದುತ್ತಿರುವಾಗ ಅದರ ಅನೈಚ್ಛಿಕ ಪ್ರತಿಕ್ರಿಯೆ ಕುಗ್ಗುವುದನ್ನು, ಕೈ ತೆಗೆದ ಬೆನ್ನಿಗೇ ಮೊದಲಿನ ಮಟ್ಟಕ್ಕೆ ಮರಳುವುದನ್ನು 1990ರ ಸುಮಾರಿನ ಪ್ರಯೋಗಗಳು ತೋರಿಸಿವೆ. ಬಿಗಿದು ನೋಯುವ ಸ್ನಾಯುವಿಗೆ ಬೇಕಾದದ್ದು ಇದೇ. ಸೋತ ಸ್ನಾಯುವಿಗೆ ಅರ್ಧ ಗಂಟೆ ಇದನ್ನೇ ಮಾಡಿದರೆ ಅದನ್ನು ಎಬ್ಬಿಸುವ ಬದಲು ಜೋಗುಳ ಹಾಡಿದಂತಾಗುತ್ತದೆ. ಮಸಾಜ್ ಮಾಡಿಸಿಕೊಂಡ ಮೇಲೆ "ಕಾಲು ಇನ್ನೂ ಸೋತುಬಂತು" ಎಂದು ಹೇಳುವವರ ಮಾತು ಸುಳ್ಳಲ್ಲ.

ತಟ್ಟುವುದನ್ನು ಮಾಡುವ ಬಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇದನ್ನು ಹೊಡೆತ ಎಂದು ತಪ್ಪಾಗಿ ತಿಳಿಯುವವರೇ ಹೆಚ್ಚು. ಮಂಡಿ ಶಸ್ತ್ರಚಿಕಿತ್ಸೆಯಾಗಿ ಹೊಲಿಗೆ ಬಿಚ್ಚಿದ್ದ ಒಬ್ಬ ಅಜ್ಜಿಗೆ ಟವೆಲ್ ಒತ್ತಲು ಹೇಳಿದಾಗ ಅವರು ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು, ಪಾದವನ್ನೆಲ್ಲ ತಿರುಗಿಸಿ ಒತ್ತಿದರು. ತೊಡೆ ಮಾತ್ರ ಮೆತ್ತಗೇ ಇತ್ತು. "ಒತ್ತುತ್ತಲೇ ಇದ್ದೇನಪ್ಪಾ, ಅದು ನನ್ನ ಮಾತು ಕೇಳುತ್ತಿಲ್ಲ" ಎಂದರು. ಮಂಡಿಚಿಪ್ಪಿನ ಒಳಬದಿಯ ಮೇಲೆ ಮೂರು ಬೆರಳ ತುದಿಯಿಂದ, ಸೆಕೆಂಡಿಗೆ ಮೂರು ನಾಲ್ಕು ಸಲದಂತೆ, ಚರ್ಮ ತುಸು ಕೆಂಪಾಗುವವರೆಗೆ ತಟ್ಟಿದೆ. ತಟ್ಟುವುದನ್ನು ನಿಲ್ಲಿಸದೆಯೇ "ಈಗ ಒತ್ತಿ ಅಜ್ಜಿ, ಉಸಿರು ಬಿಡುತ್ತಾ ಒತ್ತಿ" ಎಂದೆ. ಮೊದಲ ಸಲ ಏನೂ ಆಗಲಿಲ್ಲ. ಆಮೇಲೆ ಬೆರಳಿನಡಿಯಲ್ಲಿ ಸಣ್ಣದೊಂದು ಮಿಡಿತ, ಅದರ ಬೆನ್ನಿಗೆ ಒಂದು ಗಟ್ಟಿ ಉಬ್ಬು. ಅವರ ಕೈಯನ್ನೇ ಹಿಡಿದು ಅಲ್ಲಿ ಇಟ್ಟೆ. ಆ ಉಬ್ಬನ್ನು ತಮ್ಮ ಬೆರಳಿನಿಂದಲೇ ಮುಟ್ಟಿದ ಮೇಲೆ ಅವರಿಗೆ ನನ್ನ ವಿವರಣೆ ಬೇಕಾಗಲಿಲ್ಲ.

ಮನೆಯಲ್ಲಿ ಮಾಡುವವರಿಗೆ ಕ್ರಮ ಇಷ್ಟೇ: 20ರಿಂದ 30 ಸೆಕೆಂಡು ತಟ್ಟುವುದು, ತಟ್ಟುತ್ತಲೇ ಐದು ಸೆಕೆಂಡು ಬಿಗಿಹಿಡಿಸುವುದು, ಬಿಡುವುದು. ಹೀಗೆ ಹತ್ತು ಸಲ. ದಿನಕ್ಕೆ ಮೂರು ನಾಲ್ಕು ಬಾರಿ. ನೋಯುವಷ್ಟು ತಟ್ಟಬಾರದು, ನೋವಾದರೆ ತಡೆ ಇನ್ನೂ ಬಿಗಿಯಾಗುತ್ತದೆ. ಎಣ್ಣೆ ಬೇಡ, ಬೆರಳು ಜಾರುತ್ತದೆ. ಇದರಿಂದ ಸಿಗುವ ಲಾಭ ಕೆಲವೇ ನಿಮಿಷ ಇರುತ್ತದೆ ಎಂಬುದನ್ನೂ ಒಪ್ಪಿಕೊಳ್ಳಬೇಕು. ಆ ನಿಮಿಷಗಳಲ್ಲಿ ವ್ಯಾಯಾಮ ಆಗದಿದ್ದರೆ ತಟ್ಟಿದ್ದು ವ್ಯರ್ಥ.

ಉಜ್ಜುವುದು, ಒತ್ತುವುದು

ಸ್ನಾಯುವಿನ ಎಳೆಗಳಿಗೆ ಅಡ್ಡವಾಗಿ ಬೆರಳಿನಿಂದ ಉಜ್ಜುವ ವಿಧಾನವನ್ನು ಬ್ರಿಟಿಷ್ ವೈದ್ಯ ಜೇಮ್ಸ್ ಸಿರಿಯಾಕ್ಸ್ ಪ್ರಚಾರಕ್ಕೆ ತಂದರು. ಹಳೆಯ ಗಾಯದ ಕಲೆ ಒಳಗೆ ಅಂಟಿಕೊಂಡಿದ್ದರೆ, ಸ್ನಾಯುರಜ್ಜು ಬಹುಕಾಲದಿಂದ ನೋಯುತ್ತಿದ್ದರೆ ಇದನ್ನು ಬಳಸುತ್ತೇವೆ. ಸ್ನಾಯುವನ್ನು ಎಬ್ಬಿಸಲು ಇದು ನೇರ ದಾರಿಯಲ್ಲ. ನೋವು ಇಳಿದರೆ ಬಳಕೆ ಸುಲಭವಾಗುತ್ತದೆ ಎಂಬಷ್ಟೇ ಇದರ ಪಾತ್ರ.

ಒಂದು ಗಂಟನ್ನು ಹುಡುಕಿ ಹೆಬ್ಬೆರಳಿನಿಂದ ಅರ್ಧ ನಿಮಿಷದಿಂದ ಒಂದು ನಿಮಿಷ ಒತ್ತಿ ಹಿಡಿಯುವುದು ಇನ್ನೊಂದು ಬಗೆ. ಒತ್ತಿದಾಗ ನೋವು ಬೇರೆಡೆಗೆ ಹರಡುವ ಇಂಥ ಗಂಟುಗಳ ನಕ್ಷೆಯನ್ನು ಬರೆದ ಜ್ಯಾನೆಟ್ ಟ್ರಾವೆಲ್, ಅಧ್ಯಕ್ಷ ಕೆನಡಿಯ ವೈದ್ಯೆಯಾಗಿದ್ದವರು. ಕೋಲಾರದ ಟೊಮೆಟೊ ಮಾರುಕಟ್ಟೆಯಲ್ಲಿ 15 ಕಿಲೋ ತೂಗುವ ಕ್ರೇಟ್‌ಗಳನ್ನು ಮುಂಜಾನೆಯಿಂದ ಹೊತ್ತು ಹಾಕುವ ಹಮಾಲಿಗಳಿಗೆ ಕತ್ತಿನಿಂದ ಭುಜಕ್ಕೆ ಬರುವ ಸ್ನಾಯುವಿನಲ್ಲಿ ಇಂಥ ಗಂಟುಗಳು ಸಾಲಾಗಿ ಸಿಗುತ್ತವೆ. ಅವರ ಭುಜ ಸೋತಂತೆ ಕಾಣಲು ಕೆಲವೊಮ್ಮೆ ಈ ನೋವೇ ಕಾರಣ. ಗಂಟು ಸಡಿಲಿಸಿ, ಕೂಡಲೇ ಗೋಡೆಗೆ ಕೈಯೂರಿ ಹೆಗಲೆಲುಬನ್ನು ಮುಂದಕ್ಕೆ ತಳ್ಳುವ ವ್ಯಾಯಾಮ ಮಾಡಿಸಿದರೆ ಕೈ ಮೊದಲಿಗಿಂತ ಮೇಲೆ ಹೋಗುತ್ತದೆ. ನನ್ನ ಮಟ್ಟಿಗೆ, ಭುಜದ ದೂರಿಗೆ ಒತ್ತುವ ವಿಧಾನ ತಟ್ಟುವುದಕ್ಕಿಂತ ಒಂದು ಹೆಜ್ಜೆ ಮುಂದಿದೆ. ಮಂಡಿಯಲ್ಲಿ ಇದು ತಲೆಕೆಳಗು.

ಮನೆಯ ಎಣ್ಣೆ, ಪಂಚಕರ್ಮದ ಕೋಣೆ

ಅಭ್ಯಂಗದ ಬಗ್ಗೆ ನನಗೆ ಗೌರವವಿದೆ. ಬೆಚ್ಚಗಿನ ಎಳ್ಳೆಣ್ಣೆಯಲ್ಲೋ ಮಹಾನಾರಾಯಣ ತೈಲದಲ್ಲೋ ಮೈಯೆಲ್ಲ ನೀವಿಸಿಕೊಂಡ ವಯಸ್ಸಾದವರು ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೆ, ಒಣಗಿದ ಚರ್ಮ ಮೆತ್ತಗಾಗುತ್ತದೆ, ಮುಟ್ಟಿಸಿಕೊಳ್ಳುವ ಭಯ ಹೋಗುತ್ತದೆ. ಆದರೆ ಉದ್ದುದ್ದಕ್ಕೆ ನಿಧಾನವಾಗಿ ನೀವುವುದು ಶಮನಕಾರಿ. ವ್ಯಾಯಾಮಕ್ಕೆ ಮೊದಲು ಇದನ್ನು ಮಾಡಿಸಬೇಡಿ, ರಾತ್ರಿ ಮಲಗುವ ಮುನ್ನ ಮಾಡಿಸಿ. ಯಾವ ಎಣ್ಣೆ ಎಂಬ ಪ್ರಶ್ನೆಗೆ ನನ್ನ ಉತ್ತರವೂ ಇಲ್ಲಿದೆ: ಸ್ನಾಯುವಿನ ಬಲದ ದೃಷ್ಟಿಯಿಂದ ದುಬಾರಿ ಎಣ್ಣೆಗೂ ಮನೆಯ ಎಳ್ಳೆಣ್ಣೆಗೂ ನಾನು ವ್ಯತ್ಯಾಸ ಕಂಡಿಲ್ಲ. ಚರ್ಮಕ್ಕೆ ಒಗ್ಗುವುದನ್ನು ಹಾಕಿ.

ಉದ್ವರ್ತನದ ಮಾತು ಬೇರೆ. ಹುರುಳಿ ಹಿಟ್ಟು ಮತ್ತು ಗಿಡಮೂಲಿಕೆಗಳ ಒಣ ಪುಡಿಯನ್ನು ಕೂದಲಿನ ದಿಕ್ಕಿಗೆ ಎದುರಾಗಿ, ಕೆಳಗಿನಿಂದ ಮೇಲಕ್ಕೆ ಚುರುಕಾಗಿ ಉಜ್ಜುವ ವಿಧಾನವಿದು. ಅದರ ವೇಗ, ಒರಟು ಸ್ಪರ್ಶ ಎರಡೂ ಉತ್ತೇಜಿಸುವ ಬಗೆಯವು. ಆಯುರ್ವೇದದ ಚಿಕಿತ್ಸೆಯನ್ನೇ ಬಯಸುವವರು, ಬಳಕೆ ತಪ್ಪಿ ಸೋತ ಕಾಲಿಗೆ ಅಭ್ಯಂಗಕ್ಕಿಂತ ಉದ್ವರ್ತನವನ್ನು ವ್ಯಾಯಾಮಕ್ಕೆ ಮೊದಲು ಇಟ್ಟುಕೊಳ್ಳುವುದು ಹೆಚ್ಚು ಸರಿ ಎಂಬುದು ನನ್ನ ಅಭಿಪ್ರಾಯ. ಚರ್ಮ ತೆಳುವಾದ ವೃದ್ಧರಿಗೆ, ಇಸುಬು ಇರುವವರಿಗೆ ಬೇಡ. ಹಾಲು ಮತ್ತು ಬಲಾ ಬೇರಿನ ಕಷಾಯದಲ್ಲಿ ಬೇಯಿಸಿದ ನವರ ಅಕ್ಕಿಯ ಕಿಳಿ, ಅಂದರೆ ಬಟ್ಟೆಯಲ್ಲಿ ಕಟ್ಟಿ ಮೈಗೆ ಒತ್ತುವ ಬಿಸಿ ಗಂಟು, ಸೊರಗಿದ ಮಾಂಸಖಂಡಕ್ಕೆಂದೇ ಪರಂಪರೆಯಲ್ಲಿ ಹೇಳಿರುವ ಚಿಕಿತ್ಸೆ. ಬಿಸಿಯಿಂದ ಬಿಗಿತ ಸಡಿಲುತ್ತದೆ, ಅದಾದ ಮೇಲೆ ಕೀಲನ್ನು ಆಡಿಸುವುದು ಸುಲಭ. ಮಧುಮೇಹದಿಂದ ಪಾದದ ಸ್ಪರ್ಶ ಹೋದವರು ಮಾತ್ರ ಬಿಸಿ ಕಿಳಿಯಿಂದ ದೂರ ಇರಬೇಕು, ಸುಟ್ಟರೂ ಗೊತ್ತಾಗುವುದಿಲ್ಲ.

ಉಳುಕು ತೆಗೆಯುವವರು

ಇವರಲ್ಲಿ ಒಳ್ಳೆಯ ಕೈಯುಳ್ಳವರಿದ್ದಾರೆ. ಸಾಧಾರಣ ಬೆನ್ನಿನ ಚಳುಕಿಗೆ ಹದವಾಗಿ ನೀವಿ ಕಳಿಸುವವರ ಬಗ್ಗೆ ನನ್ನ ತಕರಾರಿಲ್ಲ. ಎರಡು ವಿಷಯದಲ್ಲಿ ಮಾತ್ರ ಕೈಮುಗಿದು ಬೇಡಿಕೊಳ್ಳುತ್ತೇನೆ. ಬಿದ್ದು ಮೊಣಕೈ ಊದಿಸಿಕೊಂಡ ಮಗುವನ್ನು ಎಕ್ಸ್‌ರೇ ಆಗದೆ ತಿಕ್ಕಿಸಬೇಡಿ, ಎಳೆಸಬೇಡಿ. ಗಾಯವಾದ ಮೊಣಕೈ ಅಥವಾ ತೊಡೆಯನ್ನು ಮೊದಲ ವಾರಗಳಲ್ಲಿ ಬಲವಾಗಿ ತಿಕ್ಕಿದರೆ ಸ್ನಾಯುವಿನೊಳಗೇ ಮೂಳೆ ಬೆಳೆಯಬಹುದು, ಆಮೇಲೆ ಆ ಕೈ ಮಡಿಸುವುದೂ ಇಲ್ಲ, ಚಾಚುವುದೂ ಇಲ್ಲ. ಶಾಲೆಗೆ ಹೋಗುವ ಮಕ್ಕಳು ಬಾಯಿಗೆ ತುತ್ತು ಒಯ್ಯಲಾಗದ ಕೈಯೊಂದಿಗೆ ಬಂದು ಕುಳಿತಾಗ ಎಷ್ಟು ನೋವಾಗುತ್ತದೆ ಎಂದು ಬರೆದು ತಿಳಿಸಲಾರೆ. ಎರಡನೆಯದು, ಕ್ಷೌರದ ಕುರ್ಚಿಯಲ್ಲಿ ಕತ್ತನ್ನು ಸರಕ್ಕನೆ ತಿರುಗಿಸಿ ಲಟಲಟ ಎನ್ನಿಸಿಕೊಳ್ಳುವುದು. ಕತ್ತಿನ ರಕ್ತನಾಳದ ಒಳಪದರ ಹರಿದು ಲಕ್ವ ಹೊಡೆದ ಉದಾಹರಣೆಗಳಿವೆ.

ಗನ್ನು, ಕರೆಂಟು, ಮಂಜುಗಡ್ಡೆ

ಜಿಮ್‌ಗೆ ಹೋಗುವ ಹುಡುಗರ ಕೈಯಲ್ಲೆಲ್ಲ ಈಗ ಮಸಾಜ್ ಗನ್ ಇದೆ. ಸಾಮಾನ್ಯವಾಗಿ ನಿಮಿಷಕ್ಕೆ 1,200ರಿಂದ 3,200 ಹೊಡೆತ ಕೊಡುವ ಯಂತ್ರವಿದು. ಬಿಗಿತ ಕಡಿಮೆ ಮಾಡಿ ಕೀಲಿನ ಚಲನೆ ಹೆಚ್ಚಿಸಲು ಒಳ್ಳೆಯದು. ಸೋತ ಸ್ನಾಯುವಿಗೆ ಬಲ ತುಂಬುತ್ತದೆ ಎಂಬ ಜಾಹೀರಾತಿಗೆ ಗಟ್ಟಿ ಆಧಾರವಿಲ್ಲ. ಪ್ರಯೋಗಾಲಯದಲ್ಲಿ ಸ್ನಾಯುರಜ್ಜುವಿನ ಮೇಲೆ ಸೆಕೆಂಡಿಗೆ 80ರಿಂದ 100 ಕಂಪನ ಕೊಟ್ಟರೆ ಸ್ನಾಯು ತಾನಾಗಿ ಬಿಗಿಯುವುದು ನಿಜ, ಆದರೆ ಅಂಗಡಿಯ ಗನ್ನು ಆ ವೇಗ ಮುಟ್ಟುವುದಿಲ್ಲ. ಬಹಳ ಹೊತ್ತು ಕಂಪನ ಕೊಟ್ಟರೆ ಪರಿಣಾಮ ಉಲ್ಟಾ ಆಗುತ್ತದೆ. ಬಳಸುವುದಾದರೆ ಸೋತ ಸ್ನಾಯುವಿನ ಎದುರಿನ ಬಿಗಿ ಸ್ನಾಯುವಿಗೆ ಒಂದೆರಡು ನಿಮಿಷ ಬಳಸಿ.

"ಕರೆಂಟ್ ಇಟ್ಟರು" ಎಂದು ಹೇಳುವವರನ್ನು ನಾನು ಯಾವಾಗಲೂ ಕೇಳುವ ಪ್ರಶ್ನೆ: ಜುಮುಗುಟ್ಟಿತೇ, ಇಲ್ಲ ಸ್ನಾಯು ಎದ್ದು ಕುಣಿಯಿತೇ? ಬರೀ ಜುಮುಗುಟ್ಟುವ ಯಂತ್ರ ನೋವಿಗೆ. ಸ್ನಾಯುವನ್ನು ಎಬ್ಬಿಸುವ ಯಂತ್ರವಿಟ್ಟರೆ ತೊಡೆ ಬಿಗಿದು ಮಂಡಿಚಿಪ್ಪು ಮೇಲಕ್ಕೆ ಸರಿಯುವುದು ಕಣ್ಣಿಗೆ ಕಾಣಬೇಕು. ಮಂಡಿ ಬದಲಿ ಶಸ್ತ್ರಚಿಕಿತ್ಸೆಯ ನಂತರ ಬೇಗ ಶುರು ಮಾಡಿದರೆ ಇದರಿಂದ ಬಲ ಚೆನ್ನಾಗಿ ಮರಳುತ್ತದೆ, ಇದಕ್ಕೆ ಮಸಾಜ್‌ನ ಯಾವ ಬಗೆಗಿಂತಲೂ ಹೆಚ್ಚಿನ ಆಧಾರವಿದೆ. ಮಸಾಜ್ ಬಗ್ಗೆ ಬರೆಯುತ್ತಾ ಇದನ್ನು ಮುಚ್ಚಿಡುವುದು ಸರಿಯಲ್ಲ. ಪೇಸ್‌ಮೇಕರ್ ಇರುವವರು ಮೊದಲೇ ತಿಳಿಸಬೇಕು.

ಮಂಜುಗಡ್ಡೆ ಅಗ್ಗದ್ದು, ಊದಿದ ಮಂಡಿಗೆ ತುಂಬ ಉಪಯುಕ್ತ. ಬಟ್ಟೆಯಲ್ಲಿ ಸುತ್ತಿ ಮಂಡಿಯ ಸುತ್ತ 20 ನಿಮಿಷ ಇಟ್ಟರೆ, ಕೀಲಿನಿಂದ ಬರುವ ತಡೆ ಸ್ವಲ್ಪ ಹೊತ್ತು ಸಡಿಲಗೊಂಡು ತೊಡೆಯ ಸ್ನಾಯು ಹೆಚ್ಚು ಚೆನ್ನಾಗಿ ಬಿಗಿಯುತ್ತದೆ. ಸ್ಪರ್ಶ ಕಡಿಮೆ ಇರುವವರಿಗೆ ಇದೂ ಬೇಡ. ಸ್ನಾಯುವಿನ ಮೇಲೆ ಚರ್ಮಕ್ಕೆ ಬಣ್ಣದ ಪಟ್ಟಿ (ಟೇಪ್) ಅಂಟಿಸುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ: ಭಂಗಿಯನ್ನು ನೆನಪಿಸುತ್ತದೆ, ಬಲ ಹೆಚ್ಚಿಸುವುದಿಲ್ಲ.

ನಿಮಗೆ ಯಾವುದು

ಮಂಡಿ ಊದಿಕೊಂಡಿದೆ, ತೊಡೆ ಸೋತಿದೆ ಎಂದಾದರೆ ಮೊದಲು ಊತ ಇಳಿಸಿ. ಕಾಲು ಎತ್ತರಕ್ಕೆ, ಮಂಜುಗಡ್ಡೆ, ಮಂಡಿಯ ಮೇಲಿನಿಂದ ತೊಡೆಸಂದಿಯ ಕಡೆಗೆ ಹಗುರವಾಗಿ ನೀವುವುದು, ಆಮೇಲೆ ತಟ್ಟುತ್ತಾ ಟವೆಲ್ ಒತ್ತಿಸುವುದು. ಮಂಡಿಯನ್ನೇ ತಿಕ್ಕಬೇಡಿ. ಸಾಧ್ಯವಾದರೆ ಸ್ನಾಯು ಎಬ್ಬಿಸುವ ಯಂತ್ರ ಸೇರಿಸಿ.

ಪ್ಲಾಸ್ಟರ್ ಬಿಚ್ಚಿದವರಿಗೆ ಮೊದಲ ವಾರ ಎಣ್ಣೆಯ ಹಗುರ ಮಸಾಜ್ ಒಪ್ಪುತ್ತದೆ, ಒಣ ಚರ್ಮ, ಬಿಗಿದ ಕೀಲು ಸಡಿಲವಾಗಲಿ. ಮೂಳೆ ಕೂಡಿದೆ ಎಂದು ವೈದ್ಯರು ಹೇಳಿದ ಮೇಲೆ ತಟ್ಟುವುದು, ಎದುರು ಒತ್ತಡ ಕೊಟ್ಟು ಕಾಲು ಚಾಚಿಸುವುದು, ಕುರ್ಚಿಯಿಂದ ಎದ್ದು ಕೂರುವುದು. ಕರಗಿದ ಮಾಂಸಖಂಡ ಮರಳಲು ತಿಂಗಳುಗಳು ಬೇಕು. ಅದನ್ನು ಮರಳಿಸುವುದು ಭಾರ ಹೊರುವ ವ್ಯಾಯಾಮ ಮತ್ತು ಬೇಳೆ, ಮೊಟ್ಟೆ, ಹಾಲಿನ ಊಟ, ಮಸಾಜ್ ಅಲ್ಲ.

ಕುಳಿತು ಕೆಲಸ ಮಾಡುವವರು ಸೋತ ಪಿರ್ರೆಯನ್ನು ಬಿಟ್ಟು ಸೊಂಟದ ಮುಂಭಾಗದ ಬಿಗಿತಕ್ಕೆ ಕೈ ಹಾಕಿ. ಅಲ್ಲಿ ನಾದುವುದು, ನಿಧಾನವಾಗಿ ಹಿಗ್ಗಿಸುವುದು. ಕೂಡಲೇ ಅಂಗಾತ ಮಲಗಿ ಮಂಡಿ ಮಡಿಸಿ ಸೊಂಟ ಎತ್ತುವ ವ್ಯಾಯಾಮ. ತೊಡೆಯ ಹಿಂಭಾಗ ಹಿಡಿದುಕೊಂಡರೆ ಪಾದವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು, ಪಿರ್ರೆಯ ಮೇಲೆ ತಟ್ಟುತ್ತಾ ಮತ್ತೆ ಎತ್ತಿ. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಘಟಕಗಳಲ್ಲಿ ದಿನವಿಡೀ ನಿಂತು ಕೆಲಸ ಮಾಡುವ ಹೆಂಗಸರಿಗೆ ಇದು ಹೊಂದುವುದಿಲ್ಲ. ಅವರಲ್ಲಿ ಬಿಗಿದಿರುವುದು ಮೀನಖಂಡ ಮತ್ತು ಸೊಂಟದ ಹಿಂಭಾಗ. ಸಂಜೆ ಕಾಲು ಎತ್ತರಕ್ಕಿಟ್ಟು ಪಾದದಿಂದ ಮಂಡಿಯ ಕಡೆಗೆ ನೀವುವುದು, ಆಮೇಲೆ ಒಂಟಿ ಕಾಲಿನಲ್ಲಿ ನಿಲ್ಲುವ ಅಭ್ಯಾಸ ಅವರಿಗೆ ಸರಿ. ಉಬ್ಬಿದ ನೀಲಿ ರಕ್ತನಾಳಗಳಿದ್ದರೆ ಅವುಗಳ ಮೇಲೆ ಒತ್ತಬೇಡಿ.

ಒಂದೇ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಯಾವ ಮಸಾಜೂ ಬೇಡ. ಒಳಗಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿರಬಹುದು, ತಿಕ್ಕಿದರೆ ಅದು ಕಿತ್ತು ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಅಂದೇ ಆಸ್ಪತ್ರೆಗೆ ಹೋಗಿ. ಜ್ವರವಿದ್ದಾಗ, ಗಾಯದಲ್ಲಿ ಕೀವಿದ್ದಾಗ, ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವಾಗ ಗಟ್ಟಿ ಒತ್ತಡ ಬೇಡ.

ಮಸಾಜ್ ಮಾಡುವವರನ್ನು ಆರಿಸುವಾಗ, ಮುಟ್ಟುವ ಮೊದಲು ಅವರು ಪರೀಕ್ಷೆ ಮಾಡುತ್ತಾರೆಯೇ, ಮುಗಿದ ಮೇಲೆ ವ್ಯಾಯಾಮ ಮಾಡಿಸುತ್ತಾರೆಯೇ ಎಂದು ನೋಡಿ. ಎರಡೂ ಇಲ್ಲದಿದ್ದರೆ ಕೋಣೆ ಎಷ್ಟೇ ಚಂದವಿದ್ದರೂ ನಿಮ್ಮ ಸೋತ ಸ್ನಾಯುವಿಗೆ ಅದು ತಕ್ಕ ಜಾಗವಲ್ಲ. ಜಿಲ್ಲಾ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗಕ್ಕೆ ಒಮ್ಮೆ ಹೋಗಿ ಕ್ರಮ ಕಲಿತುಕೊಂಡು ಮನೆಯಲ್ಲಿ ಮುಂದುವರಿಸಬಹುದು, ಖರ್ಚೂ ಕಡಿಮೆ. ಶುರು ಮಾಡಿದ ದಿನ ಮಂಡಿಚಿಪ್ಪಿನಿಂದ ಒಂದು ಗೇಣು ಮೇಲೆ ಎರಡೂ ತೊಡೆಗಳ ಸುತ್ತಳತೆಯನ್ನು ದರ್ಜಿಯ ಟೇಪಿನಿಂದ ಅಳೆದು ಬರೆದಿಡಿ, ಕುರ್ಚಿಯಿಂದ ಕೈಯೂರದೆ ಅರ್ಧ ನಿಮಿಷದಲ್ಲಿ ಎಷ್ಟು ಸಲ ಏಳಲಾಗುತ್ತದೆ ಎಂದೂ ಬರೆದಿಡಿ. ಎರಡು ವಾರ ಬಿಡದೆ ಮಾಡಿದ ಮೇಲೆ ಏಳುವ ಎಣಿಕೆ ಒಂದೂ ಹೆಚ್ಚದಿದ್ದರೆ ವಿಧಾನ ಬದಲಿಸಿ. ಎಣಿಕೆ ಇಳಿದಿದ್ದರೆ ಮಸಾಜ್ ನಿಲ್ಲಿಸಿ, ಮೂಳೆ ಅಥವಾ ನರದ ವೈದ್ಯರಿಗೆ ತೋರಿಸಿ.